ಒಳಲೆಯಿಂದ ಬಾಟಲಿಯವರೆಗೆ: ಶಿಶುಪೋಷಣೆಯ ಇತಿಹಾಸ ಕಲಿಸುವ ಪಾಠ

ತೊಟ್ಟಿಲಿಗೆ ಹಾಕುವ ದಿನ ಮಗುವಿಗೆ ಬೆಳ್ಳಿಯ ಒಳಲೆಯನ್ನು ಉಡುಗೊರೆಯಾಗಿ ಕೊಡುವ ವಾಡಿಕೆ ನಮ್ಮ ಮನೆಗಳಲ್ಲಿ ಇಂದಿಗೂ ಉಳಿದಿದೆ. ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕದಾದ, ಒಂದು ಕಡೆ ಮೂತಿ ಚಾಚಿದ ಈ ತೆರೆದ ಪಾತ್ರೆಯಿಂದ ಹಿಂದಿನವರು ಮಗುವಿಗೆ ಹಾಲನ್ನೂ ಔಷಧಿಯನ್ನೂ ಕುಡಿಸುತ್ತಿದ್ದರು. ಈಚೆಗೆ ಪರಿಚಿತರ ಮನೆಯ ನಾಮಕರಣಕ್ಕೆ ಹೋಗಿದ್ದಾಗ, ಅಂತಹ ಒಂದು ಒಳಲೆಯ ಪಕ್ಕದಲ್ಲಿಯೇ ಆರು ಬಾಟಲಿಗಳ ಪೆಟ್ಟಿಗೆಯನ್ನೂ ವಿದ್ಯುತ್ತಿನಿಂದ ನಡೆಯುವ ಎದೆಹಾಲಿನ ಪಂಪನ್ನೂ ಕಂಡೆನು. ಬಾಣಂತಿಯು ಕೆಲವು ತಿಂಗಳಲ್ಲಿ ಉದ್ಯೋಗಕ್ಕೆ ಮರಳಬೇಕಾಗಿತ್ತು. "ಇವುಗಳಲ್ಲಿ ಯಾವುದನ್ನು ಬಳಸಲಿ ಅಜ್ಜಿ?" ಎಂದು ಆಕೆ ಕೇಳಿದಳು. "ಯಾವುದನ್ನು ಒಳಗೆ ಬೆರಳಿಟ್ಟು ತೊಳೆಯಬಹುದೋ ಅದನ್ನು ಬಳಸು ಕಣಮ್ಮ" ಎಂದು ಆ ಹಿರಿಯರು ಉತ್ತರಿಸಿದರು.

ಈ ಸರಳವಾದ ಉತ್ತರದ ಹಿಂದೆ ದೀರ್ಘವಾದ ಇತಿಹಾಸವಿದೆ. ಅದು ಹೆಮ್ಮೆಪಡುವಂತಹ ಇತಿಹಾಸವೇನೂ ಅಲ್ಲ. ಮಗುವಿನ ಹಸಿವನ್ನು ತಣಿಸಬೇಕೆಂಬ ಸದುದ್ದೇಶದಿಂದಲೇ ಮನುಷ್ಯನು ಅನೇಕ ಸಾಧನಗಳನ್ನು ಕಂಡುಹಿಡಿದನು. ಅವುಗಳಲ್ಲಿ ಕೆಲವು ಮಕ್ಕಳ ಪ್ರಾಣಕ್ಕೇ ಎರವಾದವು. ಆ ಹಾನಿಗೆ ಕಾರಣವಾದದ್ದು ಕ್ರೌರ್ಯವಲ್ಲ, ಪ್ರಮಾದ. ಆದುದರಿಂದಲೇ ಈ ವಿಷಯವು ವಿಚಾರಣೀಯವಾಗಿದೆ.

ಮಗುವಿಗೆ ಪಾತ್ರೆಯಿಂದ ಹಾಲುಣಿಸುವ ಪದ್ಧತಿ ಆಧುನಿಕವೆಂದು ಭಾವಿಸುವುದು ಸರಿಯಲ್ಲ. ಜರ್ಮನಿಯ ಬವೇರಿಯಾ ಪ್ರಾಂತ್ಯದಲ್ಲಿ ಕ್ರಿಸ್ತಪೂರ್ವ ಮೊದಲ ಸಹಸ್ರಮಾನಕ್ಕೂ ಅದರ ಆಸುಪಾಸಿನ ಕಾಲಕ್ಕೂ ಸೇರಿದ ಮಕ್ಕಳ ಸಮಾಧಿಗಳಲ್ಲಿ ಮೂತಿಯುಳ್ಳ ಪುಟ್ಟ ಮಣ್ಣಿನ ಪಾತ್ರೆಗಳು ದೊರೆತಿವೆ. ಅವುಗಳ ಒಳಭಾಗದಲ್ಲಿ ಮೆಲುಕು ಹಾಕುವ ಪ್ರಾಣಿಗಳ ಹಾಲಿನ ಜಿಡ್ಡಿನಂಶ ಉಳಿದಿರುವುದನ್ನು 2019ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ತಾಯಿಯ ಹಾಲು ದೊರೆಯದ ಶಿಶುವಿನ ಚಿಂತೆ ಎಷ್ಟು ಪ್ರಾಚೀನವಾದುದೆಂಬುದಕ್ಕೆ ಈ ಪಾತ್ರೆಗಳೇ ಸಾಕ್ಷಿ. ಅವು ಸಮಾಧಿಗಳಲ್ಲಿಯೇ ದೊರೆತವೆಂಬುದೂ ಮನಸ್ಸನ್ನು ಕಲಕುವ ಸಂಗತಿಯಾಗಿದೆ.

1770ರ ಸುಮಾರಿನಲ್ಲಿ ಲಂಡನ್ನಿನ ವೈದ್ಯ ಹ್ಯೂ ಸ್ಮಿತ್ ಎಂಬವರು ಪುಟ್ಟ ಕಾಫಿ ಕೂಜದ ಆಕಾರದ ಹಾಲಿನ ಪಾತ್ರೆಯೊಂದನ್ನು ರೂಪಿಸಿದರು. ಅದರ ಮೂತಿಗೆ ತೆಳುವಾದ ಬಟ್ಟೆಯನ್ನು ಕಟ್ಟುತ್ತಿದ್ದರು. ಮಗುವು ಆ ಬಟ್ಟೆಯ ಮೂಲಕ ಹಾಲನ್ನು ಹೀರುತ್ತಿತ್ತು. ಕಿರಿದಾದ ಮೂತಿಯೊಳಗೂ ಬಟ್ಟೆಯ ಎಳೆಗಳಲ್ಲಿಯೂ ಹಾಲು ನಿಂತು ಹುಳಿಯುತ್ತಿದ್ದುದು ಯಾರ ಕಣ್ಣಿಗೂ ಬೀಳಲಿಲ್ಲ. 1841ರಲ್ಲಿ ಅಮೆರಿಕದಲ್ಲಿ ಗಾಜಿನ ಹಾಲುಬಾಟಲಿಗೂ, 1845ರಲ್ಲಿ ರಬ್ಬರಿನ ತೊಟ್ಟಿಗೂ ಹಕ್ಕುಪತ್ರಗಳು ದೊರೆತವು. 1867ರಲ್ಲಿ ಸ್ವಿಟ್ಜರ್ಲೆಂಡಿನ ವೆವೆ ಪಟ್ಟಣದಲ್ಲಿ ಹೆನ್ರಿ ನೆಸ್ಲೆಯವರು ಹಾಲು ಮತ್ತು ಗೋಧಿಹಿಟ್ಟಿನಿಂದ ಮಾಡಿದ ಶಿಶು ಆಹಾರವನ್ನು ಮಾರುಕಟ್ಟೆಗೆ ತಂದರು. ಪಾತ್ರೆಯೂ ಆಹಾರವೂ ಹೀಗೆ ಏಕಕಾಲದಲ್ಲಿ ಅಂಗಡಿಯ ಸರಕುಗಳಾದವು.

ಆ ಕಾಲದ ಇಂಗ್ಲೆಂಡಿನಲ್ಲಿ ಅತ್ಯಂತ ಜನಪ್ರಿಯವಾದದ್ದು ಉದ್ದನೆಯ ರಬ್ಬರ್ ಕೊಳವೆಯ ಬಾಟಲಿ. ಬಾಟಲಿಯನ್ನು ಮಗುವಿನ ಪಕ್ಕದಲ್ಲಿಟ್ಟು ಕೊಳವೆಯ ತುದಿಯ ತೊಟ್ಟನ್ನು ಬಾಯಿಗಿಟ್ಟರೆ ಸಾಕು. ಯಾರೂ ಹಿಡಿದುಕೊಂಡು ಕೂರಬೇಕಾಗಿರಲಿಲ್ಲ. ಮನೆಗೆಲಸದಲ್ಲಿ ಬಳಲಿದ ತಾಯಿಗೆ ಇದೊಂದು ವರದಂತೆ ತೋರಿದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ಕೊಳವೆಯ ಒಳಭಾಗಕ್ಕೆ ಬೆರಳಾಗಲಿ ಕುಂಚವಾಗಲಿ ಸರಿಯಾಗಿ ತಲುಪುತ್ತಿರಲಿಲ್ಲ. 1861ರಲ್ಲಿ ಪ್ರಕಟವಾಗಿ ಮನೆಮನೆಗಳಲ್ಲಿ ಓದಲ್ಪಟ್ಟ ಶ್ರೀಮತಿ ಬೀಟನ್ನರ ಗೃಹಕೃತ್ಯದ ಗ್ರಂಥವು, ಬಾಟಲಿಗೆ ಒಮ್ಮೆ ಕಟ್ಟಿದ ತೊಟ್ಟನ್ನು ಸುಮಾರು ಎರಡು ವಾರಗಳವರೆಗೆ ತೆಗೆಯಬೇಕಾಗಿಲ್ಲವೆಂದು ಸಲಹೆ ನೀಡಿತ್ತು! ರೋಗಾಣುಗಳ ವಿಚಾರ ಆಗಿನ್ನೂ ಜನರಿಗೆ ತಿಳಿದಿರಲಿಲ್ಲ. ಬೇಸಿಗೆ ಬಂದೊಡನೆ ಬಾಟಲಿ ಹಾಲಿನ ಮಕ್ಕಳು ಅತಿಸಾರದಿಂದ ಸಾಯುತ್ತಿದ್ದರು. ವೈದ್ಯರು ಇವನ್ನು 'ಕೊಲೆಗಾರ ಬಾಟಲಿ'ಗಳೆಂದೇ ಕರೆಯತೊಡಗಿದರು. ಅವರು ಎಷ್ಟು ಖಂಡಿಸಿದರೂ ಮಾರಾಟ ನಿಲ್ಲಲಿಲ್ಲ. ಫ್ರಾನ್ಸ್ ದೇಶವು 1910ರಲ್ಲಿ ಕಾನೂನಿನ ಮೂಲಕವೇ ಇವುಗಳನ್ನು ನಿಷೇಧಿಸಬೇಕಾಯಿತು.

ಪರಿಹಾರವು ಬಹು ಸರಳವಾಗಿತ್ತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಎರಡೂ ತುದಿಗಳು ತೆರೆದಿರುವ, ದೋಣಿಯಾಕಾರದ ಗಾಜಿನ ಬಾಟಲಿಗಳು ಪ್ರಚಾರಕ್ಕೆ ಬಂದವು. ಒಂದು ತುದಿಯಿಂದ ನೀರು ಸುರಿದರೆ ಇನ್ನೊಂದು ತುದಿಯಿಂದ ಹರಿದುಹೋಗುತ್ತಿತ್ತು; ಕೊಳೆ ನಿಲ್ಲಲು ಮೂಲೆಯೇ ಇರಲಿಲ್ಲ. ಮುಂದೆ ಅಗಲ ಬಾಯಿಯ ನೇರ ಬಾಟಲಿಗಳು ಬಂದವು. ನಮ್ಮ ಒಳಲೆಯಲ್ಲಿ ಮೊದಲಿನಿಂದಲೂ ಇದ್ದ ಗುಣ ಇದೇ. ಅದಕ್ಕೆ ಮುಚ್ಚಳವಿಲ್ಲ, ಕೊಳವೆಯಿಲ್ಲ, ಕಣ್ಣಿಗೆ ಮರೆಯಾದ ಭಾಗವಿಲ್ಲ. ಅದರಿಂದ ಕುಡಿಸಬೇಕಾದರೆ ಮಗುವನ್ನು ತೊಡೆಯ ಮೇಲಿರಿಸಿಕೊಂಡು, ಅದರ ಮುಖವನ್ನೇ ನೋಡುತ್ತಾ, ಗುಟುಕು ಗುಟುಕಾಗಿ ಕುಡಿಸಬೇಕು. ಅವಧಿಗೆ ಮುನ್ನ ಹುಟ್ಟಿದ ಶಿಶುಗಳಿಗೆ ಹಾಲು ಕುಡಿಸಲು ಇಂದಿಗೂ ನಮ್ಮ ದೇಶದ ಆಸ್ಪತ್ರೆಗಳಲ್ಲಿ ಇಂತಹ ಪಾತ್ರೆಯನ್ನೇ ಬಳಸುತ್ತಾರೆಂಬುದು ಗಮನಾರ್ಹ.

ಇನ್ನು ಪಂಪಿನ ಚರಿತ್ರೆ. 1854ರಲ್ಲಿ ಅಮೆರಿಕದಲ್ಲಿ ಇಂತಹ ಒಂದು ಸಾಧನಕ್ಕೆ ಹಕ್ಕುಪತ್ರ ದೊರೆಯಿತು. 1920ರ ದಶಕದಲ್ಲಿ ಪ್ರಸಿದ್ಧ ಚದುರಂಗ ಆಟಗಾರರೂ ಎಂಜಿನಿಯರರೂ ಆಗಿದ್ದ ಎಡ್ವರ್ಡ್ ಲಾಸ್ಕರ್ ಅವರು ಆಸ್ಪತ್ರೆಗಳಿಗಾಗಿ ವಿದ್ಯುತ್ ಪಂಪನ್ನು ರೂಪಿಸಿದರು. ಹೀರಲು ಶಕ್ತಿಯಿಲ್ಲದ ದುರ್ಬಲ ಶಿಶುಗಳಿಗೂ ತಾಯಿಯ ಹಾಲನ್ನೇ ಕೊಡಬೇಕೆಂಬುದು ಅದರ ಉದ್ದೇಶವಾಗಿತ್ತು. ಆದರೆ ಅಂದಿನ ಯಂತ್ರಗಳು ತಾಯಿಗೆ ನೋವನ್ನುಂಟುಮಾಡುತ್ತಿದ್ದವು. ಸ್ವೀಡನ್ನಿನ ಎಂಜಿನಿಯರ್ ಐನಾರ್ ಎಗ್ನೆಲ್ ಅವರು ಹಸುಗಳ ಹಾಲು ಕರೆಯುವ ಯಂತ್ರಗಳನ್ನು ಬಲ್ಲವರು. ಹಸುವಿಗೆ ಒಗ್ಗುವುದು ಹೆಂಗಸಿಗೆ ಒಗ್ಗದೆಂಬುದನ್ನು ಅರಿತು, ಎಷ್ಟು ಸೆಳೆತ, ಎಷ್ಟು ವಿರಾಮ ಇದ್ದರೆ ತಾಯಿಗೆ ಗಾಯವಾಗದೆಂದು ಅವರು ತಾಳ್ಮೆಯಿಂದ ಅಭ್ಯಸಿಸಿದರು. 1956ರಲ್ಲಿ ಅವರ ಪಂಪು ಬಂದಿತು. ಮಗುವಿನ ಹಿತವನ್ನು ಸಾಧಿಸುವಾಗ ತಾಯಿಯ ನೋವನ್ನೂ ಲೆಕ್ಕಕ್ಕೆ ಹಿಡಿದದ್ದು ಇಲ್ಲಿನ ಹಿರಿಮೆ. 1990ರ ದಶಕದಿಂದ ಈ ಯಂತ್ರವು ಆಸ್ಪತ್ರೆಯಿಂದ ಮನೆಗಳಿಗೂ ಬಂದಿತು.

ಅತ್ತ ಹಾಲಿನ ಪುಡಿ ಮತ್ತು ಬಾಟಲಿಗಳ ವ್ಯಾಪಾರವು ಬಡ ದೇಶಗಳಿಗೂ ಹಬ್ಬಿತ್ತು. ಶುದ್ಧ ನೀರಿಲ್ಲದ ಮನೆಗಳಲ್ಲಿ, ದುಬಾರಿಯಾದ ಪುಡಿಯನ್ನು ಹೆಚ್ಚು ದಿನ ಬರಲೆಂದು ಅತಿಯಾಗಿ ನೀರು ಬೆರೆಸಿ ಕುಡಿಸುತ್ತಿದ್ದರು. ಮಗುವಿನ ಹೊಟ್ಟೆ ತುಂಬುತ್ತಿತ್ತು, ಮೈ ತುಂಬುತ್ತಿರಲಿಲ್ಲ. 1939ರಲ್ಲಿಯೇ ವೈದ್ಯೆ ಸಿಸಿಲಿ ವಿಲಿಯಮ್ಸ್ ಅವರು ಸಿಂಗಾಪುರದ ರೋಟರಿ ಸಂಸ್ಥೆಯ ಸಭೆಯಲ್ಲಿ, ಸಿಹಿಗೊಳಿಸಿದ ಡಬ್ಬಿಹಾಲನ್ನು ಶಿಶುಗಳಿಗೆ ಹಿತವೆಂದು ಪ್ರಚಾರ ಮಾಡುವುದು ಕೊಲೆಗೆ ಸಮಾನವೆಂದು ನಿರ್ಭೀತಿಯಿಂದ ನುಡಿದರು. ಆ ಮಾತು ಜಗತ್ತಿಗೆ ಕೇಳಿಸಲು ನಾಲ್ಕು ದಶಕಗಳು ಬೇಕಾದವು. 1981ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಭೆಯು ಇಂತಹ ಪ್ರಚಾರಕ್ಕೆ ಕಡಿವಾಣ ಹಾಕುವ ಸಂಹಿತೆಯನ್ನು ಅಂಗೀಕರಿಸಿತು. ಪರವಾಗಿ 118 ಮತಗಳು. ವಿರೋಧಿಸಿದ್ದು ಅಮೆರಿಕ ಒಂದೇ.

ನಮ್ಮ ದೇಶವು 1992ರಲ್ಲಿ ಇದಕ್ಕಾಗಿಯೇ ಒಂದು ಕಾಯಿದೆಯನ್ನು ರಚಿಸಿತು; 2003ರಲ್ಲಿ ಅದನ್ನು ಇನ್ನಷ್ಟು ಬಿಗಿಗೊಳಿಸಿತು. ಹಾಲುಪುಡಿ, ಹಾಲುಬಾಟಲಿ ಮತ್ತು ಶಿಶು ಆಹಾರಗಳ ಜಾಹೀರಾತನ್ನು ಅದು ನಿಷೇಧಿಸುತ್ತದೆ. ಟ್ರಸ್ಟುಗಳನ್ನು ನಡೆಸುವವರು ಮುಖ್ಯವಾಗಿ ಗಮನಿಸಬೇಕಾದ ಅಂಶ ಇನ್ನೊಂದಿದೆ. ಇವುಗಳನ್ನು ಅನಾಥಾಲಯಗಳಿಗೆ ಕೊಡಬಹುದೇ ಹೊರತು, ಸಾರ್ವಜನಿಕರಿಗೆ ದಾನವಾಗಿ ಹಂಚುವುದು ಈ ಕಾಯಿದೆಗೆ ವಿರುದ್ಧ. ಬಡ ಬಾಣಂತಿಯರಿಗೆ ಸೀರೆ, ಹಣ್ಣುಗಳ ಜೊತೆಗೆ ಬಾಟಲಿಯನ್ನೂ ಪುಡಿಯ ಡಬ್ಬಿಯನ್ನೂ ಹಂಚೋಣವೆಂಬ ಆಲೋಚನೆ ಕರುಣೆಯಿಂದಲೇ ಹುಟ್ಟಬಹುದು. ಆದರೆ ಡಬ್ಬಿ ಮುಗಿಯುವ ಹೊತ್ತಿಗೆ ಆ ತಾಯಿಯ ಎದೆಯಲ್ಲಿ ಹಾಲು ಬತ್ತಿರುತ್ತದೆ. ಎರಡನೆಯ ಡಬ್ಬಿಯನ್ನು ಕೊಳ್ಳಲು ಆಕೆಯಲ್ಲಿ ಹಣವಿರುವುದಿಲ್ಲ. ಪರಿಣಾಮವನ್ನು ಪರೀಕ್ಷಿಸದ ದಾನವು ದಾನವೆನಿಸದು.

ಹಾಗೆಂದು ಬಾಟಲಿ ಬಳಸುವ ತಾಯಿಯನ್ನು ದೂಷಿಸುವುದು ಈ ಲೇಖನದ ಉದ್ದೇಶವಲ್ಲ. ಕಾಯಿಲೆಯಿಂದಲೋ ಉದ್ಯೋಗದಿಂದಲೋ ಎದೆಗೆ ಹಾಕಿಕೊಳ್ಳಲಾಗದವರಿದ್ದಾರೆ, ಹಾಲೇ ಸಾಲದವರಿದ್ದಾರೆ. ಅಂತಹವರನ್ನು ಚುಚ್ಚಿ ಮಾತನಾಡುವುದೂ ಹಿಂಸೆಯೇ. ಆರಿಸಿಕೊಳ್ಳುವಾಗ ಮಾತ್ರ ಇತಿಹಾಸದ ಪಾಠ ನೆನಪಿರಲಿ. ಬಾಟಲಿಯು ಗಾಜಿನದಾಗಲಿ, ಉಕ್ಕಿನದಾಗಲಿ, ಒಳ್ಳೆಯ ಪ್ಲಾಸ್ಟಿಕ್ಕಿನದಾಗಲಿ, ಬಾಯಿ ಅಗಲವಾಗಿರಬೇಕು, ಬಿಡಿಭಾಗಗಳು ಕಡಿಮೆಯಿರಬೇಕು. ಪ್ಲಾಸ್ಟಿಕ್ ಆದರೆ ಬಿಸ್ಫಿನಾಲ್-ಎ ಎಂಬ ರಾಸಾಯನಿಕವಿಲ್ಲದ್ದನ್ನೇ ಕೊಳ್ಳಬೇಕು. ಯುರೋಪಿನ ಒಕ್ಕೂಟವು 2011ರಲ್ಲಿ ಆ ರಾಸಾಯನಿಕವುಳ್ಳ ಹಾಲುಬಾಟಲಿಗಳನ್ನು ನಿಷೇಧಿಸಿತು. ತೊಟ್ಟಿನಿಂದ ಹಾಲು ನಿಧಾನವಾಗಿ ಬರಬೇಕು. ಪ್ರತಿ ಸಲವೂ ಭಾಗಗಳನ್ನು ಬಿಡಿಸಿ, ತೊಳೆದು, ಕುದಿಸಬೇಕು. ದಿನಕ್ಕೊಮ್ಮೆ ಹಾಲು ತೆಗೆಯುವವರಿಗೆ ಕೈಪಂಪು ಸಾಕು. ಸ್ವಚ್ಛವಾದ ಕೈಯಿಂದಲೇ ಹಿಂಡಿ ತೆಗೆಯುವುದನ್ನು ದಾದಿಯರಿಂದ ಕಲಿತರೆ ಅದೂ ಬೇಡ. ದಿನದಲ್ಲಿ ಹಲವು ಸಲ ತೆಗೆಯಬೇಕಾದವರಿಗೆ ವಿದ್ಯುತ್ ಪಂಪು ಅನುಕೂಲ. ಅದರ ಬಟ್ಟಲು ಮೈಗೆ ಸರಿಹೊಂದಬೇಕು; ನೋವಾದರೆ ಸಹಿಸಿಕೊಳ್ಳದೆ ಅಳತೆಯನ್ನು ಬದಲಿಸಬೇಕು. ಹಾಲು ಯಂತ್ರದೊಳಗೆ ನುಗ್ಗದಂತೆ ತಡೆಯಿಲ್ಲದ ಪಂಪನ್ನು ಒಬ್ಬರಿಂದೊಬ್ಬರು ಪಡೆದು ಬಳಸಬಾರದು. ತೆಗೆದ ಹಾಲು 25 ಡಿಗ್ರಿ ಮೀರದ ತಂಪಿನಲ್ಲಿ 4 ಗಂಟೆ, ಶೀತಪೆಟ್ಟಿಗೆಯಲ್ಲಿ 4 ದಿನ ಕೆಡದೆ ಇರುತ್ತದೆ. ನಮ್ಮ ಬೇಸಿಗೆಯಲ್ಲಿ ಹೊರಗಿಡದಿರುವುದೇ ಲೇಸು.

ಸಮಾಜದ ಹೊಣೆಯೂ ಇದೆ. 1961ರ ಪ್ರಸೂತಿ ಸೌಲಭ್ಯ ಕಾಯಿದೆಯು ದುಡಿಯುವ ತಾಯಿಗೆ ಮಗುವಿಗೆ 15 ತಿಂಗಳಾಗುವವರೆಗೆ ದಿನಕ್ಕೆ ಎರಡು ಸಲ ಹಾಲೂಡಿಸುವ ಬಿಡುವನ್ನು ಕೊಟ್ಟಿತು. 2017ರ ತಿದ್ದುಪಡಿಯು ರಜೆಯನ್ನು 12 ವಾರಗಳಿಂದ 26ಕ್ಕೆ ಏರಿಸಿತು. 1989ರಲ್ಲಿ ಮುಂಬಯಿಯ ಸಯನ್ ಆಸ್ಪತ್ರೆಯಲ್ಲಿ ವೈದ್ಯೆ ಅರ್ಮಿಡಾ ಫರ್ನಾಂಡಿಸ್ ಅವರು ತಾಯಂದಿರ ಹಾಲಿನ ಬ್ಯಾಂಕನ್ನು ಸ್ಥಾಪಿಸಿದರು. ಒಬ್ಬ ತಾಯಿಯಲ್ಲಿ ಮಿಕ್ಕ ಹಾಲು ಇನ್ನೊಬ್ಬಳ ಶಿಶುವಿಗೆ ಜೀವದಾನವಾಯಿತು. ನಮ್ಮ ಟ್ರಸ್ಟುಗಳು ನಡೆಸುವ ಕಲ್ಯಾಣಮಂಟಪಗಳಲ್ಲಿ, ಯಾತ್ರಿನಿವಾಸಗಳಲ್ಲಿ, ಶಾಲೆಗಳಲ್ಲಿ ಒಂದು ಕೋಣೆ, ಒಂದು ಕುರ್ಚಿ, ಶುದ್ಧ ನೀರಿನ ನಲ್ಲಿ, ಒಳಗಿನಿಂದ ಹಾಕಿಕೊಳ್ಳಬಹುದಾದ ಚಿಲಕ, ಇಷ್ಟಿದ್ದರೆ ಸಾಕು. ನೂರು ಬಾಟಲಿಗಳನ್ನು ಹಂಚುವುದಕ್ಕಿಂತ ಹಿರಿದಾದ ಉಪಕಾರವದು.

ಆ ನಾಮಕರಣದ ಮನೆಯಲ್ಲಿ ಮೊಮ್ಮಗಳು ಪಂಪನ್ನು ಇಟ್ಟುಕೊಂಡು, ಆರರಲ್ಲಿ ನಾಲ್ಕು ಬಾಟಲಿಗಳನ್ನು ಅಂಗಡಿಗೆ ಹಿಂದಿರುಗಿಸಿದಳಂತೆ. ಹಗಲಿನಲ್ಲಿ ಆಕೆ ತೆಗೆದಿಟ್ಟ ಹಾಲನ್ನು ಅಜ್ಜಿಯು ಅದೇ ಬೆಳ್ಳಿಯ ಒಳಲೆಯಿಂದ ಕುಡಿಸುತ್ತಾರೆ. ಹೊಸ ಯಂತ್ರವೂ ಹಳೆಯ ಪಾತ್ರೆಯೂ ಒಂದೇ ಮಗುವಿನ ಸೇವೆಯಲ್ಲಿ ಹೀಗೆ ಸೇರಿವೆ. ಸಾಧನವು ಹಳೆಯದೋ ಹೊಸದೋ ಎಂಬುದು ಮುಖ್ಯವಲ್ಲ. ಅದನ್ನು ಹಿಡಿದ ಕೈ ಎಚ್ಚರವಾಗಿರಬೇಕು.