ಸೈಕಲ್ ಹಾದಿಗೆ ಅಡ್ಡ ನಿಂತವರು

ಲಿಥುವೇನಿಯಾದ ರಾಜಧಾನಿ ವಿಲ್ನಿಯಸ್‌ನ ಮೇಯರ್ ಆರ್ತುರಸ್ ಜುಯೊಕಸ್ 2011ರಲ್ಲಿ ಒಂದು ವಿಚಿತ್ರ ಕೆಲಸ ಮಾಡಿದರು. ಸೈಕಲ್ ಪಥದಲ್ಲಿ ನಿಂತಿದ್ದ ಮರ್ಸಿಡಿಸ್ ಕಾರಿನ ಮೇಲೆ ಸೇನೆಯ ಉಕ್ಕಿನ ವಾಹನವೊಂದನ್ನು ಹತ್ತಿಸಿ ಅದನ್ನು ಅಪ್ಪಚ್ಚಿ ಮಾಡಿದರು. ಕಾರನ್ನು ಅದಕ್ಕೆಂದೇ ತಂದು ನಿಲ್ಲಿಸಲಾಗಿತ್ತು. ಅದೊಂದು ಮೊದಲೇ ಏರ್ಪಡಿಸಿದ್ದ ಪ್ರದರ್ಶನ. ಆದರೂ ಸುದ್ದಿ ಜಗತ್ತಿನೆಲ್ಲೆಡೆ ಹರಡಿತು. ನಗಿಸಿ ನಂತರ ಯೋಚನೆಗೆ ಹಚ್ಚುವ ಸಾಧನೆಗಳಿಗೆ ನೀಡುವ ಇಗ್ ನೊಬೆಲ್ ಶಾಂತಿ ಪ್ರಶಸ್ತಿ ಅದೇ ವರ್ಷ ಅವರಿಗೆ ಸಂದಿತು.

ಈ ನಗೆಯ ಹಿಂದೆ ಹಳೆಯದೊಂದು ಜಗಳವಿದೆ. ರಸ್ತೆ ಯಾರದು ಎಂಬುದೇ ಆ ಜಗಳ.

ನೆದರ್‌ಲೆಂಡ್ಸ್‌ನ ಯೂಟ್ರೆಕ್ಟ್ ನಗರದ ಮಾಲಿಬಾನ್ ಬೀದಿಯಲ್ಲಿ 1885ರಲ್ಲೇ ಸೈಕಲ್ಲಿಗೆ ಪ್ರತ್ಯೇಕ ಹಾದಿ ಇತ್ತು. ಆಗ ಸೈಕಲ್ಲು ಉಳ್ಳವರ ವಿನೋದದ ಸಾಧನ. ಮುಂದೆ ಅದು ಕಾರ್ಮಿಕರ ವಾಹನವಾಗುವ ಹೊತ್ತಿಗೆ ರಸ್ತೆಗೆ ಮೋಟಾರು ಬಂದಿತ್ತು. ಲಂಡನ್ನಿನ ವೆಸ್ಟರ್ನ್ ಅವೆನ್ಯೂನಲ್ಲಿ 1934ರ ಡಿಸೆಂಬರ್‌ನಲ್ಲಿ ಸಾರಿಗೆ ಸಚಿವ ಲೆಸ್ಲಿ ಹೋರ್-ಬೆಲಿಷಾ ಸುಮಾರು ಎರಡೂವರೆ ಮೈಲು ಉದ್ದದ ಸೈಕಲ್ ಪಥವನ್ನು ಉದ್ಘಾಟಿಸಿದಾಗ ವಿರೋಧಿಸಿದವರು ಸೈಕಲ್ ಸವಾರರ ಸಂಘದವರೇ! ಪಕ್ಕದ ಹಾದಿ ಕೊಟ್ಟು ಮುಖ್ಯ ರಸ್ತೆಯಿಂದ ತಮ್ಮನ್ನು ಹೊರದಬ್ಬುವ ಹುನ್ನಾರವಿದು ಎಂಬುದು ಅವರ ಅನುಮಾನ. ಅನುಮಾನ ನಿರಾಧಾರವೇನಲ್ಲ. ಜರ್ಮನಿಯಲ್ಲಿ ಅದೇ ವರ್ಷ, ಪಥವಿದ್ದಲ್ಲಿ ಸೈಕಲ್ಲುಗಳು ಅದರಲ್ಲೇ ಸಾಗಬೇಕೆಂಬ ಕಾನೂನು ಬಂತು.

ಪಥವೇ ಕಡ್ಡಾಯವಾಗಿದ್ದು, ಅದರಲ್ಲಿ ಲಾರಿ ನಿಂತಿದ್ದರೆ ಸವಾರ ಎಲ್ಲಿಗೆ ಹೋಗಬೇಕು? ನ್ಯೂಯಾರ್ಕಿನಲ್ಲಿ 2011ರಲ್ಲಿ ಈ ಪ್ರಶ್ನೆ ತಮಾಷೆಯ ರೂಪದಲ್ಲಿ ಎದ್ದಿತು. ಪಥ ಬಿಟ್ಟು ಸವಾರಿ ಮಾಡಿದ್ದಕ್ಕೆ 50 ಡಾಲರ್ ದಂಡ ತೆತ್ತ ಚಿತ್ರ ನಿರ್ಮಾಪಕ ಕೇಸಿ ನೈಸ್ಟಾಟ್, ಪಥ ಬಿಡದೆ ಸವಾರಿ ಮಾಡಿ ಎದುರಾದ ಅಡೆತಡೆಗಳಿಗೆಲ್ಲ ಡಿಕ್ಕಿ ಹೊಡೆಯುತ್ತ ಹೋದರು. ಅವುಗಳಲ್ಲೊಂದು ಪೊಲೀಸ್ ಕಾರು! ಅಪಾಯ ತಪ್ಪಿಸಲು ಪಥ ಬಿಟ್ಟು ಬರಬಹುದೆಂದು ಆ ನಗರದ ನಿಯಮ ಹೇಳುತ್ತದೆ. ಆದರೆ ಹಾಗೆ ಹೊರಗೆ ಸರಿಯುವ ಗಳಿಗೆಯೇ ಅಪಾಯದ್ದು. ಹಿಂದಿನಿಂದ ಬರುವ ಚಾಲಕನಿಗೆ ಅದು ಅನಿರೀಕ್ಷಿತ. ಸವಾರನಿಗೆ ಹಿಂದೆ ಕಣ್ಣಿಲ್ಲ.

ಈ ಸಮಸ್ಯೆಯನ್ನು ಗಂಭೀರವಾಗಿ ಎತ್ತಿಕೊಂಡದ್ದು ಡಚ್ಚರು. ಅದಕ್ಕೆ ಅವರು ತೆತ್ತ ಬೆಲೆ ದೊಡ್ಡದು. ಮಹಾಯುದ್ಧದ ನಂತರದ ಸಿರಿತನದಲ್ಲಿ ಅಲ್ಲಿನ ಬೀದಿ, ಚೌಕಗಳೆಲ್ಲ ಕಾರುಗಳಿಂದ ತುಂಬಿದವು. 1971ರ ಒಂದೇ ವರ್ಷ ರಸ್ತೆ ಅಪಘಾತಗಳಲ್ಲಿ ಸುಮಾರು 3,300 ಜನ ಸತ್ತರು. ಅವರಲ್ಲಿ 400ಕ್ಕೂ ಹೆಚ್ಚು ಮಂದಿ ಮಕ್ಕಳು. ಮಗಳನ್ನು ಅಪಘಾತದಲ್ಲಿ ಕಳೆದುಕೊಂಡ ಪತ್ರಕರ್ತ ವಿಕ್ ಲಾಂಗೆನ್‌ಹಾಫ್ 1972ರಲ್ಲಿ ಬರೆದ ಲೇಖನದಿಂದ ‘ಮಕ್ಕಳ ಕೊಲೆ ನಿಲ್ಲಿಸಿ’ ಎಂಬ ಚಳವಳಿ ಹುಟ್ಟಿತು. ಮರುವರ್ಷದ ತೈಲ ಬಿಕ್ಕಟ್ಟಿನಲ್ಲಿ ಸರ್ಕಾರ ಭಾನುವಾರಗಳಂದು ಕಾರು ಓಡಾಟ ನಿಲ್ಲಿಸಿದಾಗ ಖಾಲಿ ರಸ್ತೆ ಹೇಗಿರುತ್ತದೆಂಬುದನ್ನು ಜನ ಕಣ್ಣಾರೆ ಕಂಡರು. ಎಪ್ಪತ್ತರ ದಶಕದ ನಡುವಿನಲ್ಲಿ ಹೇಗ್ ಮತ್ತು ಟಿಲ್‌ಬರ್ಗ್ ನಗರಗಳಲ್ಲಿ ಮಾದರಿ ಸೈಕಲ್ ಮಾರ್ಗಗಳ ಕೆಲಸ ಶುರುವಾಯಿತು. ಕಾರು ನಿಲ್ಲಿಸುವ ಜಾಗ ಹೋದರೆ ಗಿರಾಕಿಗಳೂ ಹೋಗುತ್ತಾರೆಂದು ಹೇಗ್‌ನ ಅಂಗಡಿಯವರು ಸಿಡಿದೆದ್ದರು. ಆದರೂ ಕೆಲಸ ನಿಲ್ಲಲಿಲ್ಲ.

ಅನುಭವ ಕಲಿಸಿದ ಪಾಠ ಸರಳ: ಬಣ್ಣದ ಗೆರೆ ಕಾರನ್ನು ತಡೆಯದು. ಕೋಪನ್‌ಹೇಗನ್‌ನಲ್ಲಿ ಸೈಕಲ್ ಪಥ ರಸ್ತೆಗಿಂತ ಒಂದು ಮೆಟ್ಟಿಲು ಎತ್ತರದಲ್ಲಿರುತ್ತದೆ. ನ್ಯೂಯಾರ್ಕ್ 2007ರಲ್ಲಿ ಒಂಬತ್ತನೇ ಅವೆನ್ಯೂನಲ್ಲಿ ಇನ್ನೊಂದು ಉಪಾಯ ಹೂಡಿತು. ಪಥವನ್ನು ಕಾಲುದಾರಿಯ ಅಂಚಿಗೆ ಸರಿಸಿ, ಕಾರು ನಿಲ್ಲಿಸುವ ಸಾಲನ್ನು ಅದರ ಹೊರಗಿಟ್ಟಿತು. ಅಡ್ಡಿಯಾಗಿದ್ದ ಕಾರುಗಳೇ ಅಲ್ಲಿ ಗೋಡೆಯಾದವು.

ನಮ್ಮಲ್ಲೂ ನಿಯಮಕ್ಕೆ ಕೊರತೆಯಿರಲಿಲ್ಲ. ಸಮವಸ್ತ್ರದಲ್ಲಿರುವ ಪೊಲೀಸರ ಅನುಮತಿಯಿಲ್ಲದೆ ಕಾಲುದಾರಿಯ ಮೇಲಾಗಲಿ ಸೈಕಲ್ ಪಥದ ಮೇಲಾಗಲಿ ವಾಹನ ಓಡಿಸಕೂಡದೆಂದು ಕೇಂದ್ರದ 1989ರ ರಸ್ತೆ ನಿಯಮಗಳೇ ಹೇಳಿದ್ದವು. 2017ರಲ್ಲಿ ಹೊಸ ನಿಯಮಗಳು ಅವುಗಳ ಸ್ಥಾನಕ್ಕೆ ಬಂದವು. ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ 2020ರಲ್ಲಿ ಕಂಬಗಳನ್ನು ನೆಟ್ಟು ಸೈಕಲ್ಲಿಗೆಂದು ಜಾಗ ಬಿಟ್ಟಾಗ ಮೋಟಾರು ವಾಹನಗಳು ಅದರೊಳಕ್ಕೂ ನುಗ್ಗಿದವು; ಕಂಬಗಳು ಮುರಿದವು.

ಕರ್ನಾಟಕ ಸರ್ಕಾರ 2006-07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಹಂಚುವ ಯೋಜನೆ ಆರಂಭಿಸಿತು. ಸೈಕಲ್ ಕೊಟ್ಟರಷ್ಟೇ ಸಾಲದು, ಅದನ್ನು ತುಳಿಯಲು ಹಾದಿಯೂ ಬೇಕು. ಡಚ್ ತಾಯ್ತಂದೆಯರು ಬೀದಿಗಿಳಿದು ಕೇಳಿದ್ದು ಅದನ್ನೇ. ಐದೇ ನಿಮಿಷವೆಂದು ಸೈಕಲ್ ಪಥದಲ್ಲಿ ಕಾರು ನಿಲ್ಲಿಸುವವರು, ಆ ಐದು ನಿಮಿಷದಲ್ಲಿ ಶಾಲೆಯ ಮಗುವೊಂದು ತಮ್ಮ ಕಾರನ್ನು ಬಳಸಿಕೊಂಡು ಬಸ್ಸು, ಲಾರಿಗಳ ನಡುವೆ ಇಳಿಯಬೇಕಾಗುತ್ತದೆಂಬುದನ್ನು ನೆನೆದರೆ ಸಾಕು.