ಚಿತ್ರ ಒಂದು, ದನಿ ಎರಡು: ರಾಯಚೂರು ಸೀಮೆಯ ಮೊದಲ ದೂರದರ್ಶನ

ಕರ್ನಾಟಕದ ದೂರದರ್ಶನದ ಚರಿತ್ರೆಯನ್ನು 1981ರ ನವೆಂಬರ್ 1ರಿಂದ, ಅಂದರೆ ಬೆಂಗಳೂರು ಕೇಂದ್ರ ಆರಂಭವಾದ ದಿನದಿಂದ ಹೇಳುವುದು ರೂಢಿ. ಬೆಂಗಳೂರಿನ ಮಟ್ಟಿಗೆ ಅದು ಸರಿ. ಆದರೆ ವಳಕಮದಿನ್ನಿಯಂಥ ಊರಿನ ಕಡೆಯಿಂದ, ಸಿಂಧನೂರು, ಲಿಂಗಸುಗೂರು, ಮಸ್ಕಿಗಳ ನಡುವಿನ ಎರೆಭೂಮಿಯಲ್ಲಿ ನಿಂತು ನೋಡಿದರೆ ಈ ಲೆಕ್ಕ ತಲೆಕೆಳಗಾಗುತ್ತದೆ. ರಾಜಧಾನಿಗಿಂತ ಆರು ವರ್ಷ ಮೊದಲೇ ರಾಯಚೂರು ಜಿಲ್ಲೆಯ ಆಯ್ದ ಹಳ್ಳಿಗಳಿಗೆ ಟಿ.ವಿ. ಬಂದಿತ್ತು. ಅದು ಹೇಗೆ ಬಂತು, ಯಾರ ಮಾತನ್ನು ಹೊತ್ತು ತಂತು, ಮತ್ತೆ ಹೇಗೆ ಕೈತಪ್ಪಿತು ಎಂಬುದು ಈ ಲೇಖನದ ವಿಷಯ.

1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ನಡೆದ ಉಪಗ್ರಹ ಬೋಧನಾ ದೂರದರ್ಶನ ಪ್ರಯೋಗವನ್ನು ಎಲ್ಲರೂ ‘ಸೈಟ್’ ಎಂದೇ ಕರೆದರು. ಇದರ ಕನಸು ವಿಕ್ರಮ್ ಸಾರಾಭಾಯಿ ಅವರದು. ಅಮೆರಿಕದ ನಾಸಾ ಜತೆ 1969ರಲ್ಲಿ ಒಪ್ಪಂದವಾಗಿ, ಅವರ ಎಟಿಎಸ್-6 ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಭಾರತಕ್ಕೆ ಕಾಣುವ ಜಾಗಕ್ಕೆ ಸರಿಸಲಾಯಿತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳು ಪ್ರಯೋಗಕ್ಕೆ ಸೇರಿದವು. ಕರ್ನಾಟಕದಿಂದ ಆಯ್ಕೆಯಾದವು ಗುಲ್ಬರ್ಗಾ, ಬಿಜಾಪುರ ಮತ್ತು ರಾಯಚೂರು ಜಿಲ್ಲೆಗಳು. ಇಂದಿನ ಕೊಪ್ಪಳವೂ ಆಗ ರಾಯಚೂರಿನೊಳಗೇ ಇತ್ತು. ಹಿಂದುಳಿದಿರುವಿಕೆಯೇ ಆಯ್ಕೆಯ ಅರ್ಹತೆಯಾಗಿತ್ತು. ಈ ಸೀಮೆಗೆ ಯಾವುದಾದರೂ ಮೊದಲು ಬಂದ ಅಪರೂಪದ ಪ್ರಸಂಗಗಳಲ್ಲಿ ಇದೂ ಒಂದು.

ಸಲಕರಣೆ ಸರಳವಾಗಿತ್ತು. ಕೋಳಿಗೂಡಿಗೆ ಬಳಸುವಂಥ ತಂತಿಜಾಲರಿಯಿಂದ ಮಾಡಿದ, ಮೂರು ಮೀಟರ್ ಅಗಲದ ಬುಟ್ಟಿಯಾಕಾರದ ಆಂಟೆನಾ. ಹೈದರಾಬಾದಿನ ಇಸಿಐಎಲ್ ಕಾರ್ಖಾನೆಯ ಕಪ್ಪುಬಿಳುಪು ಪೆಟ್ಟಿಗೆ. ಅದನ್ನು ಒಬ್ಬರ ಮನೆಯಲ್ಲಿಡದೆ ಊರಿನ ಸಾರ್ವಜನಿಕ ಜಾಗದಲ್ಲಿಟ್ಟರು. ಇದು ಸಣ್ಣ ವಿಷಯವಲ್ಲ. ಮನೆಮನೆಯ ಟಿ.ವಿ. ಬಂದ ಮೇಲೆ ಹುಟ್ಟಿದವರಿಗೆ, ಒಂದು ಪೆಟ್ಟಿಗೆಯ ಮುಂದೆ ಇಡೀ ಊರು ನೆಲದ ಮೇಲೆ ಕೂತು ನೋಡಿದ ಅನುಭವ ಯಾವ ಬಗೆಯದೆಂದು ವಿವರಿಸುವುದೇ ಕಷ್ಟ. ಬಯಲಾಟ ನೋಡಲು ನೆರೆಯುತ್ತಿದ್ದ ಜನವೇ ಇಲ್ಲಿಯೂ ನೆರೆದದ್ದು. ಒಂದೇ ವ್ಯತ್ಯಾಸವೆಂದರೆ, ಬಯಲಾಟದಲ್ಲಿ ಪಾತ್ರಧಾರಿ ಊರಿನವನಾಗಿದ್ದ.

ಪ್ರಸಾರ ದಿನಕ್ಕೆ ನಾಲ್ಕು ಗಂಟೆ. ಬೆಳಗಿನ ಒಂದೂವರೆ ಗಂಟೆ 5ರಿಂದ 12 ವರ್ಷದ ಶಾಲಾಮಕ್ಕಳಿಗೆ ಮೀಸಲು. ಅದರಲ್ಲಿ ಒಂದೊಂದು ಭಾಷೆಯ ಪಾಲಿಗೆ ಬಂದದ್ದು ಇಪ್ಪತ್ತೆರಡೂವರೆ ನಿಮಿಷ. ಸಂಜೆಯ ಎರಡೂವರೆ ಗಂಟೆ ದೊಡ್ಡವರದು: ಬೇಸಾಯ, ಆರೋಗ್ಯ, ಕುಟುಂಬ ಯೋಜನೆ, ಜತೆಗೆ ಮನರಂಜನೆ. ಅದರಲ್ಲಿ ಅರ್ಧ ಗಂಟೆ ಇಡೀ ದೇಶಕ್ಕೆ ಸಮಾನವಾದ ಹಿಂದಿ ಕಾರ್ಯಕ್ರಮ. ತುರ್ತು ಪರಿಸ್ಥಿತಿ ಘೋಷಣೆಯಾಗಿ ಐದು ವಾರವಷ್ಟೇ ಆಗಿತ್ತು ಎಂಬುದನ್ನು ಈ ಅರ್ಧ ಗಂಟೆಯ ಬಗ್ಗೆ ಯೋಚಿಸುವವರು ಮರೆಯಬಾರದು.

ಕನ್ನಡದ ಕಾರ್ಯಕ್ರಮಗಳು ತಯಾರಾದದ್ದು ಎಲ್ಲಿ? ಹೈದರಾಬಾದಿನಲ್ಲಿ. ಪ್ರಯೋಗಕ್ಕೆ ದೆಹಲಿ, ಕಟಕ್, ಹೈದರಾಬಾದುಗಳಲ್ಲಿ ಮೂರು ತಯಾರಿಕಾ ಕೇಂದ್ರಗಳಿದ್ದವು. ತೆಲುಗು, ಕನ್ನಡಗಳೆರಡೂ ಹೈದರಾಬಾದಿನ ಹೊಣೆ. ನಿಜಾಮರ ಸಂಸ್ಥಾನದಲ್ಲಿದ್ದ ರಾಯಚೂರು 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿ ಹತ್ತೊಂಬತ್ತು ವರ್ಷ ಕಳೆದ ಮೇಲೆ, ಟಿ.ವಿ.ಯ ಕನ್ನಡ ಮತ್ತೆ ಹೈದರಾಬಾದಿನಿಂದಲೇ ಬಂತು.

ನನ್ನ ವಾದದ ತಿರುಳಿರುವುದು ಇದರ ಮುಂದಿನ ತಾಂತ್ರಿಕ ಸಂಗತಿಯಲ್ಲಿ. ಉಪಗ್ರಹ ಒಂದು ಹೊತ್ತಿಗೆ ಒಂದು ಚಿತ್ರವನ್ನೂ ಎರಡು ದನಿಗಳನ್ನೂ ಒಯ್ಯಬಲ್ಲದಾಗಿತ್ತು. ಹೀಗಾಗಿ ಆಂಧ್ರ ಮತ್ತು ಕರ್ನಾಟಕದ ಹಳ್ಳಿಗಳು ಒಂದೇ ಚಿತ್ರವನ್ನು, ಅಲ್ಲಿ ತೆಲುಗಿನಲ್ಲಿ ಇಲ್ಲಿ ಕನ್ನಡದಲ್ಲಿ ಕೇಳುತ್ತ, ನೋಡುವಂತಾಯಿತು. ಒಂದೇ ತುಟಿ ಎರಡು ಭಾಷೆಗೆ ಆಡಲಾರದು. ಆದ್ದರಿಂದ ಇಂಥ ಪ್ರಸಾರಕ್ಕೆ ಹೊಂದುವುದು ಹಿನ್ನೆಲೆಯ ವಿವರಣೆಯೇ ಹೊರತು ಇಬ್ಬರು ರೈತರು ಎದುರುಬದುರು ಕೂತು ಆಡುವ ಮಾತಲ್ಲ. ಎರಡು ರಾಜ್ಯಕ್ಕೂ ಒಪ್ಪುವ ಹೊಲವನ್ನು ತೋರಿಸಬಹುದು. ಆ ಹೊಲಕ್ಕೆ ಹೆಸರಿರುವುದಿಲ್ಲ. ಎರೆ, ಮಸಾರಿ ಎಂದು ನೆಲವನ್ನು ಬೇರ್ಪಡಿಸಿ ಮಾತಾಡುವ, ಮುಂಗಾರಿ, ಹಿಂಗಾರಿ ಎಂದು ವರ್ಷವನ್ನೇ ಎರಡಾಗಿ ಎಣಿಸುವ, ಕೂರಿಗಿ, ಕುಂಟಿ, ರಂಟಿಗಳ ಲೋಕದ ರೈತನಿಗೆ ಆ ಕನ್ನಡ ಅರ್ಥವಾಗುವುದು ಒಂದು, ತನ್ನದೆನಿಸುವುದು ಇನ್ನೊಂದು.

ಸಿಂಧನೂರು ಇದನ್ನು ಇನ್ನಷ್ಟು ತೊಡಕಾಗಿಸುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆ ಬಂದ ಮೇಲೆ ಆಂಧ್ರದಿಂದ ಬಂದು ನೆಲೆಸಿದ ರೈತರ ಊರುಗಳಿಗೆ ಇಲ್ಲಿ ‘ಕ್ಯಾಂಪ್’ ಎನ್ನುತ್ತಾರೆ. ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರ ಕ್ಯಾಂಪುಗಳೂ ಇದೇ ತಾಲ್ಲೂಕಿನಲ್ಲಿವೆ. ರಾಜ್ಯದ ಗಡಿಯನ್ನೇ ಭಾಷೆಯ ಗಡಿ ಎಂದುಕೊಂಡ ಯೋಜನೆಗೆ ಇಂಥ ತಾಲ್ಲೂಕು ಕಾಣುವುದಿಲ್ಲ. ಮನೆಯಲ್ಲಿ ತೆಲುಗಾಡುವ ಕ್ಯಾಂಪಿನವರಿಗೂ ರಾಜ್ಯದ ಲೆಕ್ಕದಲ್ಲಿ ಸಲ್ಲುತ್ತಿದ್ದುದು ಕನ್ನಡದ ದನಿಯೇ. ದೂರದ ಆಡಳಿತದ ಮಾತು ಇಲ್ಲಿಗೆ ಪರಭಾಷೆಯಲ್ಲಿ ಬರುವುದು ಹೊಸದಲ್ಲ: 1915ರಲ್ಲಿ ಪತ್ತೆಯಾದ, ಅಶೋಕನ ಹೆಸರನ್ನೇ ಹೇಳುವ ಮಸ್ಕಿಯ ಶಾಸನ ಪ್ರಾಕೃತದಲ್ಲಿದೆ. ಆದರೆ ಬಂಡೆಗಲ್ಲು ಉಳಿಯಿತು.

ಟಿ.ವಿ. ಉಳಿಯಲಿಲ್ಲ. 1976ರಲ್ಲಿ ವರ್ಷ ತುಂಬಿ ಉಪಗ್ರಹ ಹಿಂದಿರುಗಿತು. ಪ್ರಯೋಗದ ಹಳ್ಳಿಗಳಲ್ಲಿ ಕೆಲವಕ್ಕಾದರೂ ಪ್ರಸಾರ ಮುಂದುವರಿಯಲೆಂದು ನೆಲದ ಮೇಲಿನ ಪ್ರಸಾರ ಗೋಪುರಗಳನ್ನು ಕಟ್ಟಲಾಯಿತು. 1977ರ ಸೆಪ್ಟೆಂಬರ್ 3ರಂದು ಆರಂಭವಾದ ಗುಲ್ಬರ್ಗಾ ಕೇಂದ್ರ ಅವುಗಳಲ್ಲಿ ಒಂದು. ರಾಜ್ಯದ ಮೊದಲ ಟಿ.ವಿ. ಕೇಂದ್ರವೆಂಬ ಮಾನ ಅದಕ್ಕೇ ಸಲ್ಲಬೇಕು, ನಮ್ಮ ಪಠ್ಯಗಳು ಅದನ್ನು ಸಲ್ಲಿಸುವುದು ಕಡಿಮೆ. ಆದರೆ ಉಪಗ್ರಹಕ್ಕೆ ದೂರವೆಂಬುದಿರಲಿಲ್ಲ, ಗೋಪುರಕ್ಕೆ ಇತ್ತು. ಭೀಮೆ, ಕೃಷ್ಣೆಯರ ಆಚೆಯಿಂದ ಬರಬೇಕಾದ ಆ ಅಲೆಗಳು ಸಿಂಧನೂರಿನ ಗದ್ದೆಗಳನ್ನಾಗಲಿ ಲಿಂಗಸುಗೂರಿನ ಹಟ್ಟಿ ಚಿನ್ನದ ಗಣಿಯನ್ನಾಗಲಿ ಮುಟ್ಟುವಂತಿರಲಿಲ್ಲ. ಆಕಾಶದಿಂದ ಬಂದದ್ದು ಆಕಾಶಕ್ಕೇ ಹೋಯಿತು.

1983ರ ಆಗಸ್ಟ್ 30ರಂದು ಭಾರತದ ಸ್ವಂತ ಇನ್ಸಾಟ್-1ಬಿ ಹಾರಿತು. ಗ್ರಾಮೀಣ ಪ್ರಸಾರಕ್ಕೆ ಮತ್ತೆ ಆರು ರಾಜ್ಯಗಳನ್ನು ಆರಿಸಲಾಯಿತು: ಆಂಧ್ರಪ್ರದೇಶ, ಒಡಿಶಾ, ಬಿಹಾರ, ಉತ್ತರಪ್ರದೇಶ, ಮಹಾರಾಷ್ಟ್ರ, ಗುಜರಾತ್. ಕರ್ನಾಟಕ ಆ ಪಟ್ಟಿಯಲ್ಲಿಲ್ಲ. ಪ್ರಯೋಗಕ್ಕೆ ಬೇಕಾದ ಜಿಲ್ಲೆಗಳು ಅದರ ಫಲಕ್ಕೆ ಬೇಡವಾದವು. ರಾಯಚೂರಿನ ಮಟ್ಟಿಗೆ ಇದು ನಿಜವಾದ ಅನ್ಯಾಯ ಎಂದೇ ನನ್ನ ತೀರ್ಮಾನ. ಮುಂದೆ ಟಿ.ವಿ. ಈ ಕಡೆ ಮರಳಿದ್ದು ಮನೆಯ ಸಾಮಾನಾಗಿ, ಕೊಳ್ಳಬಲ್ಲವರ ಪಡಸಾಲೆಗೆ.

ಸೈಟ್ ಬಗ್ಗೆ ಆ ಕಾಲದಲ್ಲೇ ದೊಡ್ಡ ಪ್ರಮಾಣದ ಸಮೀಕ್ಷೆಗಳು ನಡೆದವು. ಮಾನವಶಾಸ್ತ್ರಜ್ಞರು ಆಯ್ದ ಹಳ್ಳಿಗಳಲ್ಲಿ ವಾಸವಿದ್ದು ಬರೆದರು. ಅವು ಹೆಚ್ಚಾಗಿ ಕೇಳಿದ್ದು ಜನ ಏನು ಕಲಿತರು ಎಂದು. ಜನಕ್ಕೆ ಯಾವ ಮಾತು ಹೊರಗಿನದೆನಿಸಿತು ಎಂಬ ಪ್ರಶ್ನೆ ಈಗಲೂ ಕೇಳಲು ಬಾಕಿಯಿದೆ. ಅಂದು ಎಂಟು ವರ್ಷದವರಾಗಿದ್ದ ಮಕ್ಕಳಿಗೆ ಈಗ ಅರವತ್ತರ ಹತ್ತಿರದ ವಯಸ್ಸು. ಸಾಲಿಯಲ್ಲಿ ಬೆಳಿಗ್ಗೆ ಏನು ನೋಡಿದಿರಿ, ಸಂಜೆ ಹೆಣ್ಣುಮಕ್ಕಳು ಎಲ್ಲಿ ಕೂಡುತ್ತಿದ್ದರು, ಕೇರಿಯವರು ಎಲ್ಲಿ ನಿಲ್ಲುತ್ತಿದ್ದರು, ಪೆಟ್ಟಿಗೆಯ ಕೀಲಿಕೈ ಯಾರ ಬಳಿ ಇರುತ್ತಿತ್ತು, ಪ್ರಸಾರ ನಿಂತ ಮರುದಿನ ಊರು ಏನು ಮಾತಾಡಿಕೊಂಡಿತು ಎಂದು ಅವರನ್ನು ಊರೂರಿಗೆ ಹೋಗಿ ಕೇಳಿ, ಅವರ ಮಾತಿನಲ್ಲೇ ಬರೆದುಕೊಳ್ಳಬೇಕು.