ಉರಿಯೂ ಉಂಟು, ಹುರಿಯೂ ಉಂಟು

ಖಾನಾಪುರ ಕಡೆಯ ಮಂದಿ ದೊಡ್ಡ ಜಡ್ಡು ಬಂದರೆ ಬೆಳಗಾವಿ ಹಾದಿ ಹಿಡಿಯುತ್ತಾರೆ, ಬಿಮ್ಸ್ ಜಿಲ್ಲಾ ಆಸ್ಪತ್ರೆಗೋ ಕೆಎಲ್‌ಇಗೋ. ಸಲೈನ್ ಹಚ್ಚಿಸಿಕೊಂಡು ಊರಿಗೆ ಮರಳಿದ ಮೇಲೆ ಕೆಲವರಿಗೆ ಸೂಜಿ ಇದ್ದ ಕೈ ಕೆಂಪಾಗುತ್ತದೆ. ಮುಟ್ಟಿದರೆ ಬಿಸಿ, ಚರ್ಮದ ಕೆಳಗೆ ಗಟ್ಟಿ ಹುರಿಯಂಥದ್ದು ಬೆರಳಿಗೆ ಸಿಗುತ್ತದೆ. ‘ನರ ಬಾತೈತ್ರಿ’ ಅನ್ನುತ್ತಾರೆ ಕನ್ನಡದವರು. ‘ಶೀರ ಸುಜಲೀ’ ಅನ್ನುತ್ತಾರೆ ಮರಾಠಿಯವರು. ಡಾಕ್ಟರ ಚೀಟಿಯಲ್ಲಿ ಮಾತ್ರ ‘ಫ್ಲೆಬೈಟಿಸ್’.

ಗ್ರೀಕಿನಲ್ಲಿ ‘ಫ್ಲೆಪ್ಸ್’ ಅಂದರೆ ರಕ್ತನಾಳ. ‘ಐಟಿಸ್’ ಬಾಲ ಟಾನ್ಸಿಲೈಟಿಸ್‌ನಿಂದ ನಮಗೆ ಪರಿಚಿತವೇ. 1974ರಲ್ಲಿ ಅಮೆರಿಕದ ಅಧ್ಯಕ್ಷಗಿರಿ ಬಿಟ್ಟ ನಿಕ್ಸನ್‌ರ ಎಡಗಾಲಿಗೆ ಇದೇ ಬಂದಿತ್ತು. ಆಗ ಆಸ್ಪತ್ರೆಯ ಮಾತು ಪತ್ರಿಕೆಗೂ ಏರಿತು.

ನಮ್ಮ ಪುಸ್ತಕಗಳು ಫ್ಲೆಬೈಟಿಸ್‌ಗೆ ‘ಅಭಿಧಮನಿಯ ಉರಿಯೂತ’ ಅನ್ನುತ್ತವೆ. ಇದರಲ್ಲಿ ‘ಉರಿಯೂತ’ ಬಂಗಾರದಂಥ ಪದ. ಪ್ರಾಚೀನ ರೋಮಿನ ವೈದ್ಯಗ್ರಂಥಕಾರ ಸೆಲ್ಸಸ್ ಉರಿಯೂತಕ್ಕೆ ಹೇಳಿದ ನಾಲ್ಕು ಲಕ್ಷಣಗಳು ಕೆಂಪು, ಊತ, ಬಿಸಿ, ನೋವು. ಉರಿ, ಊತ ಎರಡನ್ನೂ ಕನ್ನಡ ಒಂದೇ ಉಸಿರಿನಲ್ಲಿ ಹೇಳಿಬಿಡುತ್ತದೆ. ಆದರೆ ‘ಅಭಿಧಮನಿ’ಯ ಜತೆ ನನಗೆ ತಕರಾರಿದೆ. ‘ಅಪಧಮನಿ’ಗೂ ಅದಕ್ಕೂ ಇರುವುದು ಒಂದಕ್ಷರದ ಅಂತರ, ಶಾಲೆಯ ಮಕ್ಕಳು ಅದಲುಬದಲು ಮಾಡಿ ಅಂಕ ಕಳೆದುಕೊಳ್ಳುತ್ತಾರೆ. ‘ಸಿರೆ’ ಎಂದರೆ ಸಾಕಿತ್ತು. ಮರಾಠಿಯ ‘ಶೀರ’ವೂ ಅದೇ ಸಂಸ್ಕೃತದ ಬೇರಿನದು, ಖಾನಾಪುರದಲ್ಲಿ ಇಬ್ಬರಿಗೂ ತಿಳಿದೀತು.

ಬಾಯಿಮಾತಿನ ‘ನರ’ದ ಪಾಡೇ ಬೇರೆ. ರಕ್ತ ಹರಿಯುವುದೂ ನರ, ಮಿದುಳಿನ ಸಂದೇಶ ಒಯ್ಯುವುದೂ ನರ, ಕತ್ತು ಉಳುಕಿದಾಗ ‘ಹಿಡಿಯುವುದೂ’ ನರ. ‘ಸೂಜಿಗೆ ನರಾನ ಸಿಗವಲ್ದು’ ಎಂದು ಸಿಸ್ಟರ್ ಅಂದರೆ ಅದು ಸಿರೆ. ಬೋರ್ಡಿನ ಮೇಲೆ ‘ನರರೋಗ ತಜ್ಞರು’ ಅಂತಿದ್ದರೆ ಅದು ಬೇರೆಯೇ ನರ. ಸಿರೆ ಬಾತವರಿಗೆ ಅಲ್ಲಿ ಕೆಲಸವಿಲ್ಲ.

ಮಾತಿನ ಈ ಗೊಂದಲ ಕಾಲಿಗಿಳಿದರೆ ಅಪಾಯ. ಕೈಯ ಮೇಲಿನ ಸಿರೆ ಬಾತರೆ ಸೂಜಿ ತೆಗೆದು ಬಿಸಿ ಬಟ್ಟೆಯ ಶಾಖ ಕೊಟ್ಟರೆ ಸಾಮಾನ್ಯವಾಗಿ ಇಳಿಯುತ್ತದೆ. ಮೀನಖಂಡದ ಆಳದ ಸಿರೆಯಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ ಹಾಗಲ್ಲ, ಆ ಹೆಪ್ಪು ಕಿತ್ತು ಶ್ವಾಸಕೋಶ ಸೇರಬಹುದು. ಅದನ್ನೂ ‘ನರ ಹಿಡದೈತಿ’ ಅಂದುಕೊಂಡು ಎಣ್ಣೆ ಹಚ್ಚಿ ತಿಕ್ಕುವವರಿದ್ದಾರೆ. ಒಂದೇ ಕಾಲು ಬಾತು ನೋಯುತ್ತಿದ್ದರೆ ತಿಕ್ಕಬೇಡಿ. ಹೆಸರು ಬಾರದಿದ್ದರೂ ಚಿಂತೆಯಿಲ್ಲ, ಎಲ್ಲಿ ಬಾತಿದೆ, ಯಾವಾಗಿನಿಂದ ಎಂದು ಅವತ್ತೇ ಡಾಕ್ಟರಿಗೆ ತೋರಿಸಿ ಹೇಳಿ.